0824 ಸೊನ್ನೆಯಾಗುವುದು ಹೇಗೆ?

ಮಂಗಳೂರಿನ ಎಸ್‌ಟಿಡಿ ಕೋಡ್ 0824. ಈ ನಾಲ್ಕು ಅಕ್ಷರಗಳ ಸ್ಟ್ರಿಂಗನ್ನು ಸಿ ಭಾಷೆಯ ಸ್ಟ್ರ್‌ಟುಯುಎಲ್ (strtoul: ಅಂಕಿಗಳ ಸ್ಟ್ರಿಂಗನ್ನು ಅನ್‌ಸೈನ್ಡ್ ಲಾಂಗ್, ಅಂದರೆ ಮೈನಸ್ ಇಲ್ಲದ ದೊಡ್ಡ ಪೂರ್ಣಾಂಕ, ಮಾಡಿಕೊಡುವ) ಫಂಕ್ಷನ್ನಿಗೆ ಕೊಟ್ಟು, ಬೇಸ್ (ಎಷ್ಟರ ಲೆಕ್ಕ ಎಂಬುದು) ಇರುವಲ್ಲಿ 0 ಬರೆದು ನೋಡಿ. ಕೈಗೆ ಬರುವುದು 824 ಅಲ್ಲ, ಸೊನ್ನೆ. ಉಡುಪಿಯ 0820 ಕೊಟ್ಟರೂ ಅಷ್ಟೇ. ಬೇಸ್ 0 ಎಂದರೆ ‘ಮೊದಲ ಅಕ್ಷರ ನೋಡಿ ನೀನೇ ತೀರ್ಮಾನಿಸು’ ಎಂದರ್ಥ: 0ಎಕ್ಸ್ ಇದ್ದರೆ ಹದಿನಾರರ ಲೆಕ್ಕ, ಬರೀ 0 ಇದ್ದರೆ ಎಂಟರ ಲೆಕ್ಕ. ಎಂಟರ ಲೆಕ್ಕದಲ್ಲಿ 8 ಎಂಬ ಅಂಕಿಯೇ ಇಲ್ಲ. ಆದ್ದರಿಂದ ಫಂಕ್ಷನ್ ಮೊದಲ 0 ಓದಿ 8ರ ಹೊಸ್ತಿಲಲ್ಲಿ ನಿಲ್ಲುತ್ತದೆ. ದೆಹಲಿಯ 011 ಇನ್ನೂ ಅಪಾಯಕಾರಿ. ಅದು ಎಲ್ಲೂ ನಿಲ್ಲದೆ ಸಲೀಸಾಗಿ 9 ಆಗುತ್ತದೆ. ಜನರು ಬರೆದ ಅಂಕಿಗಳನ್ನು ಓದುವಾಗ ಬೇಸ್ 10 ಎಂದೇ ಬರೆಯಬೇಕು.

ಅಕ್ಷರಗಳಿಂದ ಸಂಖ್ಯೆ ಕಟ್ಟುವ ಕೆಲಸ ಸರಳ, ಸುಂದರ. ಮಂಗಳೂರಿನ ಪಿನ್ 575001 ತೆಗೆದುಕೊಳ್ಳಿ. ‘5’ ಎಂಬ ಅಕ್ಷರ ಆಸ್ಕಿಯಲ್ಲಿ (ಅಕ್ಷರಗಳಿಗೆ ಸಂಖ್ಯೆ ಕೊಡುವ ಪಟ್ಟಿಯಲ್ಲಿ) 53. ಅದರಿಂದ ‘0’ಯ 48 ಕಳೆದರೆ 5. ಈವರೆಗೆ ಬಂದದ್ದನ್ನು ಹತ್ತರಿಂದ ಗುಣಿಸಿ ಮುಂದಿನ ಅಂಕಿ ಕೂಡಿಸುತ್ತಾ ಹೋಗುವುದು: 5, 57, 575, 5750, 57500, 575001. ನಮ್ಮ ಹಳೆಯ ಗಣಿತಜ್ಞರು ಭೂತಸಂಖ್ಯೆಗಳನ್ನು (ಪದಗಳಲ್ಲಿ ಹೇಳುವ ಅಂಕಿಗಳನ್ನು) ಬಿಡಿಸ್ಥಾನದಿಂದ ಹೇಳುತ್ತಿದ್ದರು, ‘ಅಂಕಾನಾಂ ವಾಮತೋ ಗತಿಃ’ (ಅಂಕಿಗಳ ನಡೆ ಎಡಕ್ಕೆ) ಎಂಬ ಮಾತು ಅದಕ್ಕೇ ಬಂತು. ಸಿ ಹೋಗುವುದು ಎಡದಿಂದ ಬಲಕ್ಕೆ, ಒಟ್ಟು ಎಷ್ಟು ಅಂಕಿಗಳಿವೆ ಎಂದು ಮೊದಲೇ ತಿಳಿಯುವ ಅಗತ್ಯವೂ ಅದಕ್ಕಿಲ್ಲ. ಆರ್ಡುಯಿನೋ ಊನೋ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿನಲ್ಲಿ ಅನ್‌ಸೈನ್ಡ್ ಇಂಟ್ 16 ಬಿಟ್, ಅದರ ಮಿತಿ 65535. ಇದೇ ಲೂಪನ್ನು ಅದರಲ್ಲಿ ನಡೆಸಿದರೆ 57500ರವರೆಗೆ ಎಲ್ಲ ಸರಿ, ಕೊನೆಯ ಹೆಜ್ಜೆಗೆ 50713!

ಇನ್ನು ನಾನು ಒಪ್ಪಲಾರದ ಒಂದು ನಂಬಿಕೆ: ‘ಅನ್‌ಸೈನ್ಡ್ ಅಲ್ಲವೇ, ಮೈನಸ್ ಬಂದರೆ ಅದೇ ತಡೆಯುತ್ತದೆ.’ ಖಂಡಿತ ತಡೆಯುವುದಿಲ್ಲ. ‘-1’ ಕೊಟ್ಟರೆ ಲಿನಕ್ಸ್‌ನ 64 ಬಿಟ್ ಯಂತ್ರದಲ್ಲಿ 18446744073709551615 ಬರುತ್ತದೆ, ದೋಷದ ಸುಳಿವೇ ಇರುವುದಿಲ್ಲ. ಸಿ ಭಾಷೆಯ ಸ್ಟ್ಯಾಂಡರ್ಡ್ ಹೇಳುವುದೇ ಹಾಗೆ: ಅಂಕಿಗಳನ್ನು ಓದು, ಮೈನಸ್ ಇದ್ದರೆ ಆ ಅನ್‌ಸೈನ್ಡ್ ಲೆಕ್ಕದೊಳಗೇ ತಿರುಗಿಸು.

ತಿರುಗಿಸುವುದು ಎಂದರೇನು? ಉಡುಪಿಯ ಪರ್ಯಾಯ ನೋಡಿ. ಎಂಟು ಮಠ, ತಲಾ ಎರಡು ವರ್ಷ, ಹದಿನಾರು ವರ್ಷಕ್ಕೆ ಒಂದು ಸುತ್ತು. ಎರಡು ತಿಂಗಳಿದ್ದ ಸರದಿಯನ್ನು ಎರಡು ವರ್ಷಕ್ಕೆ ಏರಿಸಿದವರು ವಾದಿರಾಜರು. ಸುತ್ತು ಶುರುವಾಗುವ ಪಲಿಮಾರಿಗೆ 0, ಅದಮಾರಿಗೆ 1, ಹೀಗೆ ಕೃಷ್ಣಾಪುರ, ಪುತ್ತಿಗೆ, ಶಿರೂರು, ಸೋದೆ, ಕಾಣಿಯೂರು ದಾಟಿ ಪೇಜಾವರಕ್ಕೆ 7 ಕೊಡಿ. ಇದು ಸರಿಯಾಗಿ ಮೂರು ಬಿಟ್‌ನ ಅನ್‌ಸೈನ್ಡ್ ಸಂಖ್ಯೆ. ಪಲಿಮಾರಿನಿಂದ ಒಂದು ಹೆಜ್ಜೆ ಹಿಂದೆ ಹೋದರೆ ‘ಮೈನಸ್ ಒಂದನೆಯ ಮಠ’ ಸಿಗುವುದಿಲ್ಲ, ಪೇಜಾವರ ಸಿಗುತ್ತದೆ. ಸಂವತ್ಸರಗಳಲ್ಲೂ ಪ್ರಭವದ ಹಿಂದೆ ಇರುವುದು ಅಕ್ಷಯ. ಹಳೆಯ ಸ್ಕೂಟರಿನ ಮೀಟರನ್ನು 00000ದಿಂದ ಹಿಂದಕ್ಕೆ ತಿರುಗಿಸಿದರೆ 99999. ಸುತ್ತಿನಲ್ಲಿ ಸೊನ್ನೆಯ ಹಿಂದಿರುವುದು ಅತಿ ದೊಡ್ಡ ಸಂಖ್ಯೆ. ಉತ್ತರ ವಿಪರೀತ ದೊಡ್ಡದಿದ್ದರೆ ಹಿಡಿಯುತ್ತೇನೆ ಎನ್ನುವವರು ‘-18446744073709551615’ ಕೊಟ್ಟು ನೋಡಲಿ: ಅದೇ ಯಂತ್ರ ಸಾಧುವಾಗಿ 1 ಎನ್ನುತ್ತದೆ. ಆದ್ದರಿಂದ ಕರೆಯುವ ಮೊದಲೇ ಖಾಲಿ ಜಾಗ ದಾಟಿ, ಎದುರಿಗಿರುವುದು ಮೈನಸ್ ಚಿಹ್ನೆಯೇ ಎಂದು ನೋಡಬೇಕು.

ಉಳಿದ ಕ್ರಮ ಹೀಗೆ. ಮೊದಲು ದೋಷದ ಸಂಖ್ಯೆ ಇಟ್ಟುಕೊಳ್ಳುವ ಎರ್‌ನೋ ಅನ್ನು ಸೊನ್ನೆ ಮಾಡಿ. ಲೈಬ್ರರಿಯ ಯಾವ ಫಂಕ್ಷನ್ನೂ ಅದನ್ನು ತಾನಾಗಿ ಸೊನ್ನೆ ಮಾಡುವುದಿಲ್ಲ, ಹಳೆಯ ದೋಷ ಅಲ್ಲೇ ಕೂತಿರಬಹುದು. ಕರೆದ ಮೇಲೆ, ಓದು ಎಲ್ಲಿ ನಿಂತಿತೆಂದು ತೋರಿಸುವ ಎಂಡ್‌ಪಾಯಿಂಟರ್ ಹೊರಟಲ್ಲೇ ಇದ್ದರೆ ಅಂಕಿಯೇ ಸಿಕ್ಕಿಲ್ಲ. ಅದು ನಿಂತ ಜಾಗದಲ್ಲಿ ಸ್ಟ್ರಿಂಗ್ ಮುಗಿದಿಲ್ಲವಾದರೆ, ‘12ಕೆಜಿ’ಯಂತೆ, ಬಾಲ ಉಳಿದಿದೆ, ಸಾಲು ಓದುವ ಎಫ್‌ಗೆಟ್ಸ್‌ನಿಂದ ಓದಿದ್ದರೆ ಕೊನೆಯ ಹೊಸಸಾಲಿನ ಅಕ್ಷರಕ್ಕೆ ಮಾತ್ರ ವಿನಾಯಿತಿ. ಎರ್‌ನೋ ಈರೇಂಜ್ (ಮಿತಿ ಮೀರಿತು ಎಂಬ ಸಂಕೇತ) ಆಗಿದ್ದರೆ ಸಂಖ್ಯೆ ಹಿಡಿಸಲಿಲ್ಲ. ಬೇಕಿರುವುದು ಅನ್‌ಸೈನ್ಡ್ ಇಂಟ್ ಆದರೆ 4294967295 ಮೀರಿದೆಯೇ ಎಂದು ಇನ್ನೊಮ್ಮೆ ನೋಡಿ, ಏಕೆಂದರೆ ಲಿನಕ್ಸ್‌ನಲ್ಲಿ 5000000000 ಲಾಂಗ್‌ಗೆ ಹಿಡಿಸುತ್ತದೆ, ಇಂಟ್‌ಗೆ ಸುರಿದಾಗ 705032704 ಆಗುತ್ತದೆ. ಸ್ಟ್ರಿಂಗನ್ನು ಇಂಟ್ ಮಾಡುವ ಹಳೆಯ ಫಂಕ್ಷನ್ ಎಟುಐ (atoi) ಇವುಗಳಲ್ಲಿ ಒಂದನ್ನೂ ಹೇಳುವುದಿಲ್ಲ. ಮಿತಿ ಮೀರಿದರೆ ಏನಾಗುತ್ತದೆ ಎಂಬ ಭರವಸೆಯೂ ಅದರಲ್ಲಿಲ್ಲ. ಅದನ್ನು ಲ್ಯಾಬಿನ ಮ್ಯಾನ್ಯುಯಲ್‌ಗಳಿಂದ ತೆಗೆದುಬಿಡಬೇಕು.

ವಿಂಡೋಸ್‌ನಲ್ಲಿ ಅನ್‌ಸೈನ್ಡ್ ಲಾಂಗ್ 32 ಬಿಟ್ ಮಾತ್ರ. ನಮ್ಮ ಮೊಬೈಲ್ ನಂಬರುಗಳು ಹತ್ತು ಅಂಕಿಯವು, 6ರಿಂದ 9ರೊಳಗೆ ಶುರುವಾಗುವವು, ಅಂದರೆ ಒಂದೂ ಅದರಲ್ಲಿ ಹಿಡಿಸದು. ಎರ್‌ನೋ ನೋಡದೆ ಹೋದರೆ ಊರಿನವರೆಲ್ಲರ ನಂಬರೂ 4294967295! ಫೋನ್ ನಂಬರನ್ನು ಕೂಡುವುದಿಲ್ಲ, ಕಳೆಯುವುದಿಲ್ಲ. ಅದು ಸ್ಟ್ರಿಂಗ್ ಆಗಿಯೇ ಇರಲಿ.

ಕನ್ನಡದ ೫೭೫೦೦೧ ಕೊಟ್ಟರೆ? ಯುಟಿಎಫ್-8ರಲ್ಲಿ ೫ ಒಂದೇ ಬೈಟ್ ಅಲ್ಲ, ಮೂರು: 224, 179, 171. ಸ್ಟ್ರ್‌ಟುಯುಎಲ್‌ಗೆ ಅವು ಅಂಕಿಗಳಲ್ಲ, ಎಂಡ್‌ಪಾಯಿಂಟರ್ ಹೊರಟಲ್ಲೇ ನಿಲ್ಲುತ್ತದೆ. ಖಾಲಿ ಜಾಗ ದಾಟಲು ಇಸ್‌ಸ್ಪೇಸ್ ಬಳಸುವಾಗಲೂ ಇಲ್ಲೊಂದು ಗುಂಡಿಯಿದೆ: ಕ್ಯಾರ್ (ಒಂದು ಬೈಟಿನ ಅಕ್ಷರ) ಸೈನ್ಡ್, ಅಂದರೆ ಮೈನಸ್ ಇರಬಲ್ಲದ್ದು, ಆಗಿರುವ ಯಂತ್ರದಲ್ಲಿ 224 ಎಂಬ ಬೈಟ್ -32 ಆಗಿ ಹೋಗುತ್ತದೆ, ಅದನ್ನು ಹಾಗೇ ಕೊಡುವುದು ಸ್ಟ್ಯಾಂಡರ್ಡ್‌ಗೆ ವಿರುದ್ಧ. ಅನ್‌ಸೈನ್ಡ್ ಕ್ಯಾರ್‌ಗೆ ಕಾಸ್ಟ್ ಮಾಡಿಯೇ (ಆ ಬಗೆಗೆ ಬದಲಿಸಿಯೇ) ಕೊಡಬೇಕು.