‘ಸಾಂವಿಧಾನಿಕ ಕಾಯಿಲೆ’ಗೆ ಪಿಂಚಣಿ ಇಲ್ಲವೇ?

ಬೈಲಹೊಂಗಲದ ಕಡೆಯ ಹಿರಿಯರೊಬ್ಬರು ಮಗನ ಕಾಗದಗಳನ್ನೆಲ್ಲ ರಸಗೊಬ್ಬರದ ಚೀಲದಲ್ಲಿ ಸುತ್ತಿಕೊಂಡು ನನ್ನ ಕಚೇರಿಗೆ ಬಂದಿದ್ದರು. ಮಗ ಹನ್ನೊಂದು ವರ್ಷ ಸೇನೆಯಲ್ಲಿದ್ದವನು. ಕೊನೆಯ ವರ್ಷದಲ್ಲಿ ಎರಡು ಬಾರಿ ಮಿಲಿಟರಿ ಆಸ್ಪತ್ರೆಯ ಮನೋರೋಗ ವಾರ್ಡಿನಲ್ಲಿದ್ದು, ಸ್ಕಿಜೋಫ್ರೇನಿಯಾ ಎಂಬ ಹೆಸರು ಹೊತ್ತು ಮನೆಗೆ ಮರಳಿದ್ದ. ಅಂಗವೈಕಲ್ಯ ಪಿಂಚಣಿ ನಿರಾಕರಿಸಿದ ಪತ್ರವನ್ನು ಊರಿನ ಯಾರೋ ಕನ್ನಡಕ್ಕೆ ಇಳಿಸಿಕೊಟ್ಟಿದ್ದರು. ಕಾರಣ: ‘ಇದು ಸಾಂವಿಧಾನಿಕ ಕಾಯಿಲೆ.’

‘ಸಾಹೇಬರೇ, ಅಂಬೇಡ್ಕರರು ಬರೆದದ್ದಕ್ಕೂ ನನ್ನ ಮಗನ ತಲೆಗೂ ಏನು ಸಂಬಂಧ?’ ಎಂದು ಅವರು ಕೇಳಿದರು. ನಗಲಾರದೆ ಕುಳಿತೆ.

ಇಂಗ್ಲಿಷ್ ಮೂಲದಲ್ಲಿದ್ದ ಪದ ‘ಕಾನ್‌ಸ್ಟಿಟ್ಯೂಷನಲ್’. ಇಲ್ಲಿ ಅದರ ಅರ್ಥ ಸಂವಿಧಾನದ್ದು ಎಂದಲ್ಲ; ದೇಹಪ್ರಕೃತಿಯಲ್ಲೇ ಇದ್ದದ್ದು, ಹುಟ್ಟಿನ ಜೊತೆಗೇ ಬಂದದ್ದು ಎಂದು. ಕಾಯಿಲೆ ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ ಎಂದು ಮೆಡಿಕಲ್ ಬೋರ್ಡ್ ಆ ಒಂದು ಪದದಲ್ಲಿ ಹೇಳಿ ಮುಗಿಸಿತ್ತು. ಇಪ್ಪತ್ತು ಪುಟಗಳ ಕಡತದಲ್ಲಿ ತೀರ್ಪಿಗೆ ಸಿಕ್ಕ ಜಾಗ ಒಂದೂವರೆ ಸಾಲು.

ಸುಪ್ರೀಂ ಕೋರ್ಟ್ ಈ ಒಂದೂವರೆ ಸಾಲನ್ನು ಒಪ್ಪುವುದಿಲ್ಲ. ಭರ್ತಿಯಾಗುವಾಗ ದಾಖಲೆಯಲ್ಲಿ ಇಲ್ಲದ ಕಾಯಿಲೆ ಆಮೇಲೆ ಕಂಡು, ಅದೇ ಕಾರಣಕ್ಕೆ ಸೈನಿಕನನ್ನು ಹೊರಗೆ ಕಳುಹಿಸಿದರೆ ಅದು ಸೇವೆಯಿಂದ ಬಂತೆಂದೇ ಊಹಿಸಬೇಕು. ಹಾಗಲ್ಲ ಎನ್ನುವವರು ಕಾರಣ ಬರೆಯಬೇಕು ಎಂದು 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಅದು ಹೇಳಿತು. ಅದೇ ವರ್ಷದ ವೀರ್‌ಪಾಲ್ ಸಿಂಗ್ ಪ್ರಕರಣವಂತೂ ಸ್ಕಿಜೋಫ್ರೇನಿಯಾದ್ದೇ; ಅಲ್ಲಿ ಹೊಸದಾಗಿ ಪರೀಕ್ಷೆ ನಡೆಸಲು ಆದೇಶವಾಯಿತು. 2025ರ ರಾಜುಮೋನ್ ಪ್ರಕರಣದಲ್ಲೂ ಕಾರಣವಿಲ್ಲದ ಅಭಿಪ್ರಾಯ ನಿಲ್ಲಲಿಲ್ಲ.

ಇಷ್ಟು ಕೇಳಿಸಿಕೊಂಡು ಕೇಸು ಗೆದ್ದೆವೆಂದು ಎದ್ದು ಹೋಗುವವರಿದ್ದಾರೆ. ಅವರಿಗೆ ನಾನು 2019ರ ನರಸಿಂಗ್ ಯಾದವ್ ತೀರ್ಪನ್ನೂ ಓದಿ ಹೇಳುತ್ತೇನೆ. ಮನೋರೋಗ ಭರ್ತಿಯ ದಿನದ ತಪಾಸಣೆಯಲ್ಲಿ ಸಿಗದೇ ಹೋಗಬಹುದು, ಆಗ ದಾಖಲಾಗಿರಲಿಲ್ಲ ಎಂಬುದಷ್ಟರಿಂದಲೇ ಪಿಂಚಣಿ ಬರುವುದಿಲ್ಲ ಎಂದು ಅದೇ ನ್ಯಾಯಾಲಯ ಅಲ್ಲಿ ಅರ್ಜಿದಾರನನ್ನು ವಾಪಸು ಕಳುಹಿಸಿದೆ. ಒಂದೇ ಕಾಯಿಲೆ, ಎರಡು ದಾರಿ. ದಾರಿ ಕವಲೊಡೆಯುವುದು ಆಸ್ಪತ್ರೆಯ ಕಾಗದಗಳಲ್ಲಿ.

ಆದ್ದರಿಂದ ನಿರಾಕರಣೆಯ ಪತ್ರವನ್ನು ನಾನು ಕೊನೆಗೆ ಓದುತ್ತೇನೆ. ಮೊದಲು ಹುಡುಕುವುದು ಸೈನಿಕನನ್ನು ಮನೋವೈದ್ಯರ ಬಳಿಗೆ ಕಳುಹಿಸುವಾಗ ಕಮಾಂಡಿಂಗ್ ಅಧಿಕಾರಿ ತುಂಬಿಕೊಡುವ ನಮೂನೆ 10ನ್ನು. ಅವನು ಕೆಲಸದಲ್ಲಿ ಹೇಗಿದ್ದ, ಯಾವಾಗಿನಿಂದ ಬದಲಾದ, ಒತ್ತಡವೇನಿತ್ತು ಎಂಬುದೆಲ್ಲ ಅದರಲ್ಲಿರಬೇಕು. ‘ವಿಶೇಷ ಒತ್ತಡವಿಲ್ಲ’ ಎಂಬ ಎರಡು ಪದ ಬಿದ್ದರೆ ಅದನ್ನು ಅಳಿಸಲು ವರ್ಷಗಳು ಬೇಕು. ಎರಡನೆಯದು ದಾಖಲಾದ ದಿನ ವೈದ್ಯರು ಬರೆದುಕೊಂಡ ವಿವರ. ಗಾಬರಿಯಲ್ಲಿರುವ ಮನೆಯವರು ಫೋನಿನಲ್ಲಿ ‘ಚಿಕ್ಕಂದಿನಿಂದಲೂ ಮಾತು ಕಡಿಮೆ’ ಎನ್ನುತ್ತಾರೆ. ಮಾತು ಕಡಿಮೆಯಿರುವುದು ರೋಗವೇ? ನಮ್ಮ ಅರ್ಧ ಊರು ಹಾಗಿದೆ. ಆದರೆ ಬೋರ್ಡಿನ ಮುಂದೆ ಅದೇ ‘ಪೂರ್ವಲಕ್ಷಣ’ವಾಗುತ್ತದೆ. ವೈದ್ಯರಿಗೆ ಸುಳ್ಳು ಹೇಳಬೇಡಿ, ಚಿಕಿತ್ಸೆ ಕೆಡುತ್ತದೆ. ಆದರೆ ಸ್ವಭಾವ ಯಾವುದು, ಹೊಸದಾಗಿ ಕಂಡ ಬದಲಾವಣೆ ಯಾವುದು ಎಂಬುದನ್ನು ಬಿಡಿಸಿ ಹೇಳಿ.

ರಜೆಯಲ್ಲಿ ಊರಿಗೆ ಬಂದಾಗ ಕಾಯಿಲೆ ಕಾಣಿಸಿಕೊಂಡರೆ ಇನ್ನೊಂದು ಗಂಡಾಂತರವಿದೆ. ಮನೆಯವರು ಮರ್ಯಾದೆಗೆ ಅಂಜಿ ಮೊದಲು ದೇವರ ಬಳಿಗೆ, ಆಮೇಲೆ ಖಾಸಗಿ ವೈದ್ಯರ ಬಳಿಗೆ ಕರೆದೊಯ್ಯುತ್ತಾರೆ. ಯುನಿಟ್ಟಿಗೆ ಸುದ್ದಿ ಮುಟ್ಟಿಸುವುದಿಲ್ಲ. ರಜೆ ಮುಗಿದು 30 ದಿನ ದಾಟಿದರೆ ಸೇನಾ ಕಾಯ್ದೆಯಂತೆ ಗೈರುಹಾಜರಿಯ ವಿಚಾರಣೆ ನಡೆದು ಹುಡುಗ ಓಡಿಹೋದವರ ಪಟ್ಟಿಗೆ ಸೇರುತ್ತಾನೆ. ವಜಾ ಆದರೆ ಪಿಂಚಣಿಯ ಬಾಗಿಲೇ ಮುಚ್ಚಬಹುದು. ಬೆಳಗಾವಿಯಲ್ಲಿ ಮಿಲಿಟರಿ ಆಸ್ಪತ್ರೆಯಿದೆ, ಬೆಂಗಳೂರಿನಲ್ಲಿ ಕಮಾಂಡ್ ಆಸ್ಪತ್ರೆಯಿದೆ, ಅಲ್ಲಿಗೆ ಕರೆದೊಯ್ಯಿರಿ. ಆಗದಿದ್ದರೆ ಯುನಿಟ್ಟಿಗೆ ತಂತಿಯ ಕಾಲದಲ್ಲಿ ಕಳುಹಿಸುತ್ತಿದ್ದಷ್ಟು ಚಿಕ್ಕ ಸಂದೇಶವಾದರೂ ಬರವಣಿಗೆಯಲ್ಲಿ ಹೋಗಲಿ.

‘ಸ್ವಂತ ಕೋರಿಕೆ’ಯ ಮೇಲೆ ಬಿಡುಗಡೆ ಬರೆಸಿಕೊಂಡು ಬೇಗ ಮನೆಗೆ ಕರೆತರುವ ಆತುರವೂ ಬೇಡ. ಕಾಯಿಲೆಯ ಕಾರಣಕ್ಕೆ ಸೇನೆಯೇ ಹೊರಗೆ ಕಳುಹಿಸಿದರೆ ವೈಕಲ್ಯ ಶೇ 20ಕ್ಕಿಂತ ಹೆಚ್ಚೆಂದೇ ತಿಳಿಯಬೇಕೆಂದು 2014ರ ಸುಖ್‌ವಿಂದರ್ ಸಿಂಗ್ ತೀರ್ಪು ಹೇಳುತ್ತದೆ. ತಾನಾಗಿ ಬಿಟ್ಟುಬಂದವನಿಗೆ ಆ ಆಸರೆ ಸಿಗುವುದಿಲ್ಲ. ಶೇಕಡಾವಾರು ಲೆಕ್ಕವೂ ಸೈನಿಕನ ಕಡೆಗೇ ವಾಲಿದೆ: 50ಕ್ಕಿಂತ ಕಡಿಮೆಯಿದ್ದದ್ದು 50 ಆಗುತ್ತದೆ, 50ರಿಂದ 75ರವರೆಗಿನದು 75, ಅದರ ಮೇಲಿನದು 100. ಶೇ 100 ವೈಕಲ್ಯಕ್ಕೆ ಕೊನೆಯ ವೇತನದ ಶೇ 30 ಸಿಗುವುದರಿಂದ, 40 ಎಂದು ಬರೆಸಿಕೊಂಡವನಿಗೆ ಶೇ 15 ಕೈಗೆ ಬರುತ್ತದೆ. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮಾವಳಿ ಬಂದಿದೆ. ಹಾಗಾಗಿ ಯಾವ ನಿಯಮ ಅನ್ವಯಿಸುತ್ತದೆಂದು ತಿಳಿಯಲು, ಯಾರೇ ಬಂದರೂ ಮೊದಲು ಬಿಡುಗಡೆಯ ದಿನಾಂಕ ಕೇಳುತ್ತೇನೆ.

ಬೋರ್ಡಿನ ನಡಾವಳಿಯ ಪ್ರತಿಯನ್ನು ರೆಕಾರ್ಡ್ ಕಚೇರಿಯಿಂದ ಮಾಹಿತಿ ಹಕ್ಕಿನಡಿ ಪಡೆಯಬಹುದು. ಬೇರೆ ಆಸ್ಪತ್ರೆಯಲ್ಲಿ ಚಿಕಿತ್ಸೆ ಆಗಿದ್ದರೆ, 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 25ನೇ ಸೆಕ್ಷನ್ ರೋಗಿಗೆ ತನ್ನ ದಾಖಲೆ ಕೇಳುವ ಹಕ್ಕು ಕೊಟ್ಟಿದೆ. ಮೊದಲು ಇಲಾಖೆಗೆ ಮೇಲ್ಮನವಿ; ಅಲ್ಲಿ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕದ ಪ್ರಕರಣಗಳು ಅದರ ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತವೆ.

ಆ ಹಿರಿಯರ ಚೀಲದ ತಳದಲ್ಲಿ ಮೊದಲ ಆಸ್ಪತ್ರೆಯ ಕೇಸ್ ಶೀಟಿನ ಮಸುಕಾದ ನಕಲೊಂದು ಸಿಕ್ಕಿತು. ಗಡಿಠಾಣೆಯಲ್ಲಿದ್ದಾಗಲೇ ಮೂರು ವಾರ ನಿದ್ದೆಯಿಲ್ಲ, ಪಹರೆಯಲ್ಲಿ ದನಿ ಕೇಳಿಸುತ್ತದೆ ಎಂದು ಕಿರಿಯ ವೈದ್ಯರೊಬ್ಬರು ಬರೆದಿದ್ದರು. ಬೋರ್ಡಿನ ನಮೂನೆಯಲ್ಲಿ ಮಾತ್ರ ಕಾಯಿಲೆ ಶುರುವಾದ ಜಾಗ ‘ಶಾಂತಿ ಪ್ರದೇಶ’, ಅಂದರೆ ಗಡಿಯ ಕರ್ತವ್ಯವಿಲ್ಲದ ನೆಲೆ, ಎಂದಿತ್ತು. ನ್ಯಾಯಮಂಡಳಿಯ ಮುಂದೆ ಆ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟೆವು. ಮರುಪರಿಶೀಲನಾ ಬೋರ್ಡಿಗೆ ಆದೇಶವಾಗಿದೆ.

ಸುದ್ದಿ ತಿಳಿಸಲು ಫೋನ್ ಮಾಡಿದಾಗ ಅವರು ಕೇಳಿದ್ದು ಒಂದೇ: ‘ಅವನು ಖುದ್ದಾಗಿ ಬರಲೇಬೇಕೇ? ಸಮವಸ್ತ್ರ ಕಂಡರೆ ಇನ್ನೂ ನಡುಗುತ್ತಾನೆ.’

ಬರಲೇಬೇಕು ಎಂದೆ. ನೀವೂ ಜೊತೆಗೆ ಬನ್ನಿ, ಬಾಗಿಲವರೆಗೆ ನಾನೂ ಇರುತ್ತೇನೆ ಎಂದೆ.