ಶೂನ್ಯ ಭಾಜಕ: ಸೊನ್ನೆಯೆಂಬ ಭಾಜಕವಲ್ಲ, ಸೊನ್ನೆಯ ಭಾಜಕ

‘ಶೂನ್ಯ ಭಾಜಕ ಬಂದಲ್ಲಿ ಲೆಕ್ಕ ನಿಲ್ಲುತ್ತದೆ, ಏಕೆಂದರೆ ಸೊನ್ನೆಯಿಂದ ಭಾಗಿಸುವಂತಿಲ್ಲ’ ಎಂಬ ವಾಕ್ಯವನ್ನು ಈಚೆಗೆ ಮತ್ತೊಮ್ಮೆ ಓದಬೇಕಾಯಿತು. ಈ ತಪ್ಪು ಗಣಿತದ್ದಲ್ಲ, ಸಮಾಸದ್ದು. ‘ಶೂನ್ಯವೇ ಭಾಜಕ’ ಎಂದು ಕರ್ಮಧಾರಯವಾಗಿ ಬಿಡಿಸಿದವರಿಗೆ ಛೇದದಲ್ಲಿ ಕುಳಿತ ಸೊನ್ನೆ ಕಾಣುತ್ತದೆ. ಬಿಡಿಸಬೇಕಾದದ್ದು ‘ಶೂನ್ಯದ ಭಾಜಕ’ ಎಂದು, ತತ್ಪುರುಷವಾಗಿ. 6ಕ್ಕೆ 2 ಮತ್ತು 3 ಭಾಜಕಗಳಾಗಿರುವ ಅರ್ಥದಲ್ಲಿಯೇ, ತಾನು ಸೊನ್ನೆಯಾಗಿರದೆ, ಸೊನ್ನೆಯಲ್ಲದ ಇನ್ನೊಂದರೊಡನೆ ಗುಣಿಸಿದಾಗ ಸೊನ್ನೆ ಕೊಡುವುದು ಶೂನ್ಯ ಭಾಜಕ. 12ರಿಂದ ಭಾಗಿಸಿ ಶೇಷವನ್ನಷ್ಟೇ ಉಳಿಸಿಕೊಳ್ಳುವ ಗಡಿಯಾರದ ಲೆಕ್ಕದಲ್ಲಿ 3 ಮತ್ತು 4 ಅಂಥವು. ಭಾಜಕದ ಧಾತುವಾದ ‘ಭಜ್’ಗೆ ಪಾಲು ಮಾಡುವುದೆಂಬ ಅರ್ಥವಿದೆ, ಭಾಗ, ವಿಭಾಗಗಳೂ ಅಲ್ಲಿಂದಲೇ ಬಂದವು. ಛೇದದಲ್ಲಿ ಸೊನ್ನೆಯಿರುವ ರಾಶಿಗೇ ಹೆಸರು ಬೇಕೆನ್ನುವವರಿಗೆ 12ನೆಯ ಶತಮಾನದ ಭಾಸ್ಕರಾಚಾರ್ಯರು ಬಳಸಿದ ‘ಖಹರ’ವಿದೆ: ‘ಖ’ ಎಂದರೆ ಸೊನ್ನೆ, ಅದನ್ನು ಹರವಾಗಿ, ಅಂದರೆ ಛೇದವಾಗಿ, ಉಳ್ಳದ್ದು ಖಹರ, ಬಹುವ್ರೀಹಿ. ಇಷ್ಟು ಅಚ್ಚುಕಟ್ಟಾದ ಪದವನ್ನು ಬಿಟ್ಟು ಇನ್ನೊಂದನ್ನು ಎಳೆದು ತರುವ ಅಗತ್ಯವಿರಲಿಲ್ಲ.

ಎರಡನೆಯ ಅಜಾಗರೂಕತೆ, ಯಾವ ಗುಣಾಕಾರವೆಂದು ಹೇಳದಿರುವುದು. ಗ್ರೂಪ್ ಎಂದರೆ ಸಾಹಚರ್ಯ ನಿಯಮ ಪಾಲಿಸುವ ಗುಣಾಕಾರವೊಂದು, ಏಕಾಂಶ (ಗುಣಿಸಿದರೆ ಏನನ್ನೂ ಬದಲಿಸದ ಸದಸ್ಯ), ಪ್ರತಿ ಸದಸ್ಯಕ್ಕೂ ವಿಲೋಮ ಇರುವ ಗಣ. ಅದರ ಪ್ರತಿ ಸದಸ್ಯಕ್ಕೂ ಒಂದು ಬೆಲೆ ಕೊಡುವ ಫಂಕ್ಷನ್‌ಗಳನ್ನು ಬಿಂದು ಬಿಂದುವಿಗೆ ಗುಣಿಸಿದರೆ ಶೂನ್ಯ ಭಾಜಕಗಳು ರಾಶಿ ರಾಶಿ ಸಿಗುತ್ತವೆ, ಅದರಲ್ಲಿ ಸ್ವಾರಸ್ಯವಿಲ್ಲ. ಕನ್ವಲ್ಯೂಷನ್ ಬೇರೆ. ಗ್ರೂಪಿನ ಒಂದು ಸದಸ್ಯವನ್ನು ಎರಡರ ಗುಣಲಬ್ಧವಾಗಿ ಬರೆಯಬಹುದಾದ ಎಲ್ಲ ಬಗೆಗಳಲ್ಲಿ, ಮೊದಲನೆಯದರಲ್ಲಿ ಒಂದು ಫಂಕ್ಷನ್ನಿನ ಬೆಲೆಯನ್ನೂ ಎರಡನೆಯದರಲ್ಲಿ ಇನ್ನೊಂದರ ಬೆಲೆಯನ್ನೂ ಗುಣಿಸಿ, ಎಲ್ಲವನ್ನೂ ಕೂಡಿಸುವುದು ಅದು. ಬಹುಪದೋಕ್ತಿಗಳ ಗುಣಾಕಾರದಲ್ಲಿ ಸಹಗುಣಕಗಳಿಗೆ ಆಗುವುದು ಇದೇ. ಒಂದು ಸದಸ್ಯದಲ್ಲಿ 1, ಉಳಿದೆಡೆ ಸೊನ್ನೆಯಾದ ಫಂಕ್ಷನ್ನನ್ನು ಆ ಸದಸ್ಯದ ಹೆಸರಿನಿಂದಲೇ, ಏಕಾಂಶದ್ದನ್ನು 1 ಎಂದು ಬರೆಯೋಣ. ಏಕಾಂಶವಲ್ಲದ ಗ ಎಂಬ ಸದಸ್ಯಕ್ಕೆ ಗ² = 1 ಆಗಿದ್ದರೆ (1 + ಗ)(1 − ಗ) = 0 ಎಂದು ಒಂದೇ ಸಾಲಿನಲ್ಲಿ ಮುಗಿಯುತ್ತದೆ.

ಪೂರ್ಣಾಂಕಗಳ ಗ್ರೂಪಿನಲ್ಲಿ (ಅಲ್ಲಿ ಗ್ರೂಪಿನ ಗುಣಾಕಾರವೆಂದರೆ ಸಂಕಲನ, ಏಕಾಂಶ 0) ಅಂಥ ಸದಸ್ಯಗಳಿಲ್ಲವಾದ್ದರಿಂದ ಶೂನ್ಯ ಭಾಜಕಗಳೂ ಇಲ್ಲ ಎಂದು ಬರೆದುಬಿಡುವವರಿದ್ದಾರೆ. ಯಾವ ಫಂಕ್ಷನ್‌ಗಳಲ್ಲಿ ಎಂದು ಕೇಳಲೇಬೇಕು. ಎರಡೂ ಸೀಮಿತ ಬಿಂದುಗಳಲ್ಲಿ ಮಾತ್ರ ಸೊನ್ನೆಯಲ್ಲದವಾಗಿದ್ದರೆ ಅತ್ಯುಚ್ಚ ಘಾತದ ಪದ ಅಳಿಯದೆ ಉಳಿಯುವುದರಿಂದ ಮಾತು ನಿಜ. ಆದರೆ 0ಯಲ್ಲಿ 1, 1ರಲ್ಲಿ −1, ಉಳಿದೆಡೆ ಸೊನ್ನೆಯಾದ ಫಂಕ್ಷನ್ನನ್ನು ಎಲ್ಲೆಡೆ 1 ಆಗಿರುವುದರೊಡನೆ ಕನ್ವಲ್ಯೂಷನ್ ಮಾಡಿದರೆ ಪ್ರತಿ ಬಿಂದುವಿನಲ್ಲೂ 1 − 1 ಬರುತ್ತದೆ. ಎರಡನೆಯದರ ವರ್ಗಗಳ ಮೊತ್ತ ಸಾಂತವಾಗಿರಬೇಕೆಂದು ಕಟ್ಟು ಹಾಕಿದರೆ ಈ ದಾರಿ ಮುಚ್ಚುತ್ತದೆ, ಏಕೆಂದರೆ ಪೂರ್ಣಾಂಕಗಳ ಮೇಲಿನ ಫಂಕ್ಷನ್ನನ್ನು ವೃತ್ತದ ಮೇಲಿನದಾಗಿಸಿ, ಕನ್ವಲ್ಯೂಷನ್ನನ್ನು ಬಿಂದು ಬಿಂದುವಿನ ಗುಣಾಕಾರವಾಗಿಸುವ ಫೂರಿಯೇ ರೂಪಾಂತರದಲ್ಲಿ ಮೊದಲನೆಯದು ವೃತ್ತದ ಕೆಲವೇ ಬಿಂದುಗಳಲ್ಲಿ ಸೊನ್ನೆಯಾಗುತ್ತದೆ. ಎರಡಕ್ಕೂ ಅನಂತ ಹರವು ಕೊಟ್ಟು (ಅನಂತ ಬಿಂದುಗಳಲ್ಲಿ ಸೊನ್ನೆಯಲ್ಲದಿರಲು ಬಿಟ್ಟು), ನಿರಪೇಕ್ಷ ಬೆಲೆಗಳ ಮೊತ್ತವಷ್ಟೇ ಸಾಂತವಾಗಿರಲಿ ಎಂದರೆ ಶೂನ್ಯ ಭಾಜಕಗಳು ಮರಳುತ್ತವೆ: ವೃತ್ತದ ಮೇಲೆ ಒಂದನ್ನೊಂದು ತಾಕದ ಎರಡು ನಯವಾದ ಉಬ್ಬುಗಳ ಫೂರಿಯೇ ಸಹಗುಣಕಗಳನ್ನು ತೆಗೆದುಕೊಂಡರಾಯಿತು.

ಏಕಾಂಶದ ಹೊರತು ಸೀಮಿತ ದರ್ಜೆಯ (ತನ್ನಿಂದಲೇ ಕೆಲವು ಸಲ ಗುಣಿಸಿದರೆ ಏಕಾಂಶವಾಗುವ) ಸದಸ್ಯವೇ ಇಲ್ಲದ ಯಾವ ಗ್ರೂಪಿನಲ್ಲೂ, ಕ್ಷೇತ್ರವೊಂದರಲ್ಲಿ (ಸೊನ್ನೆಯ ಹೊರತು ಎಲ್ಲದರಿಂದಲೂ ಭಾಗಿಸಬಹುದಾದ ಸಂಖ್ಯಾವ್ಯವಸ್ಥೆಯಲ್ಲಿ) ಬೆಲೆ ಪಡೆಯುವ ಸೀಮಿತ ಹರವಿನ ಫಂಕ್ಷನ್‌ಗಳಲ್ಲಿ ಶೂನ್ಯ ಭಾಜಕಗಳಿರವು ಎಂಬುದು ಗಣಿತಜ್ಞ ಕಪ್ಲಾನ್ಸ್‌ಕಿಯ ಊಹೆ. 2021ರಲ್ಲಿ ಗಣಿತಜ್ಞ ಜೈಲ್ಸ್ ಗಾರ್ಡಮ್ ಮುರಿದದ್ದು ಇದನ್ನಲ್ಲ, ವಿಲೋಮವುಳ್ಳ ಅಂಶಗಳ ಕುರಿತ ಇದರ ನೆರೆಯ ಊಹೆಯನ್ನು. ಅವರು ಬಳಸಿದ ಗ್ರೂಪಿನಲ್ಲಿ ಶೂನ್ಯ ಭಾಜಕಗಳಿಲ್ಲವೆಂಬುದು ಮೊದಲೇ ಸಾಬೀತಾಗಿತ್ತು.