ಪದ ಪರಿಚಯ: ವ್ಯಾಲ್ಯೂ ಚೈನ್ ಅಂದರೆ ಯಾರ್ಯಾರು?

ನನಗೆ ಪರಿಚಯದವರೊಬ್ಬರು ಒಂದು ಐಟಿ ಕಂಪನಿಗೆ ಮಧ್ಯಾಹ್ನದ ಊಟ ಕಳಿಸುತ್ತಾರೆ. ಅಡುಗೆಮನೆ ಅವರದೇ. ದಿನಾ ಹನ್ನೊಂದೂವರೆಗೆ ಅನ್ನ, ಸಾರು, ಪಲ್ಯದ ಡಬರಿಗಳು ಟೆಂಪೋ ಹತ್ತುತ್ತವೆ. ಮೊನ್ನೆ ಫೋನ್ ಮಾಡಿ, 'ಕಂಪನಿಯಿಂದ ಏನೋ ಎಕ್ಸೆಲ್ ಬಂದಿದೆ, ಬಂದು ನೋಡ್ತೀರಾ?' ಅಂದರು. ನೋಡಿದರೆ ನೂರಕ್ಕೂ ಜಾಸ್ತಿ ಪ್ರಶ್ನೆ. ಎಲ್ಲಾ ಇಂಗ್ಲಿಷಿನಲ್ಲಿ. ಮೊದಲನೆಯದೇ, 'ನಿಮ್ಮ ಸ್ಕೋಪ್ 1 ಎಮಿಷನ್ ಎಷ್ಟು?' ಏನು ಹೇಳೋದು ಅಂತ ನಾನು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅವರೇ ಕೇಳಿದರು, 'ಅಂದ್ರೆ ಗ್ಯಾಸ್ ಸಿಲಿಂಡರ್ ಲೆಕ್ಕನಾ?'

ಹೌದು, ಅದೇ ಲೆಕ್ಕ. ಎಮಿಷನ್ ಅಂದರೆ ಭೂಮಿಯನ್ನು ಬಿಸಿ ಮಾಡುವ ಹೊಗೆ, ಅನಿಲ. 19 ಕೆಜಿಯ ಒಂದು ಕಮರ್ಷಿಯಲ್ ಸಿಲಿಂಡರ್ ಪೂರ್ತಿ ಉರಿದರೆ ಹತ್ತಿರ ಹತ್ತಿರ 57 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತದೆ. 19 ಕೆಜಿ 57 ಹೇಗಾಯಿತು ಅಂತ ಅವರು ನಂಬಲಿಲ್ಲ. ಉರಿಯುವಾಗ ಗಾಳಿಯ ಆಮ್ಲಜನಕ ಸೇರಿಕೊಳ್ಳುತ್ತದೆ, ತೂಕ ಅದರದ್ದು. ಸ್ವಂತ ಒಲೆಯಲ್ಲಿ ಉರಿಸಿದ್ದು ಅವರಿಗೆ ಸ್ಕೋಪ್ 1. ಬೆಸ್ಕಾಂ ಬಿಲ್ಲಿನ ಕರೆಂಟು ಸ್ಕೋಪ್ 2. ಅದೇ ಸಿಲಿಂಡರಿನ ಹೊಗೆ, ಊಟ ತರಿಸಿಕೊಳ್ಳುವ ಕಂಪನಿಯ ಲೆಕ್ಕದಲ್ಲಿ ಸ್ಕೋಪ್ 3. ಅಂದರೆ, ತಾನು ಉರಿಸಿಲ್ಲ, ಆದರೆ ತನ್ನಿಂದಾಗಿ ಉರಿದದ್ದು. ಈ ಸ್ಕೋಪ್ 3ಕ್ಕೆ 2011ರಲ್ಲಿ ಒಂದು ಅಂತಾರಾಷ್ಟ್ರೀಯ ಮಾನದಂಡ ಬಂತು. ಅದರಲ್ಲಿ 15 ಬಾಬ್ತುಗಳಿವೆ: ಕೊಂಡ ಸಾಮಾನು, ವಿಮಾನ ಪ್ರಯಾಣ, ನೌಕರರು ಮನೆಯಿಂದ ಬಂದುಹೋಗುವುದು, ಮಾರಿದ ವಸ್ತು ಕೊನೆಗೆ ಕಸವಾಗುವುದು, ಹೀಗೆ. ಆ ಮಾನದಂಡದ ಹೆಸರಿನಲ್ಲೇ ನಮ್ಮ ಇವತ್ತಿನ ಪದವೂ ಇದೆ: ವ್ಯಾಲ್ಯೂ ಚೈನ್.

ಕನ್ನಡದಲ್ಲಿ 'ಮೌಲ್ಯ ಸರಪಳಿ' ಅಂತ ಬರೆಯುತ್ತಾರೆ. ನನಗೆ ಅದು ಅಷ್ಟು ರುಚಿಸುವುದಿಲ್ಲ. ಮೌಲ್ಯ ಅಂದ ಕೂಡಲೇ ಶಾಲೆಯ ನೀತಿಪಾಠ ನೆನಪಾಗುತ್ತದೆ, ಅಲ್ವಾ? ಇಲ್ಲಿ ಅದು ಸುಮ್ನೆ ಬೆಲೆ. ಭತ್ತ ಅಕ್ಕಿಯಾಗಿ, ಅಕ್ಕಿ ಹಿಟ್ಟಾಗಿ, ಹಿಟ್ಟು ದೋಸೆಯಾಗುತ್ತದೆ. ಕೈ ಬದಲಾದಾಗಲೆಲ್ಲ ಬೆಲೆ ಏರುತ್ತದೆ. ಆ ಕೈಗಳ ಸಾಲೇ ವ್ಯಾಲ್ಯೂ ಚೈನ್. ಹಾರ್ವರ್ಡಿನ ಮೈಕೆಲ್ ಪೋರ್ಟರ್ 1985ರಲ್ಲಿ ಈ ಪದವನ್ನು ಚಲಾವಣೆಗೆ ತಂದಾಗ ಅವರಿಗಿದ್ದ ಕುತೂಹಲ ಒಂದೇ, ಕಂಪನಿಯ ಯಾವ ಕೆಲಸದಲ್ಲಿ ಲಾಭ ಹುಟ್ಟುತ್ತದೆ ಅನ್ನುವುದು. ಸುಸ್ಥಿರತೆಯ ಕೆಲಸ ಮಾಡುವವರು ಪದವನ್ನು ಹಾಗೇ ಇಟ್ಟುಕೊಂಡು ಪ್ರಶ್ನೆಯನ್ನು ತಿರುಗಿಸಿದರು: ಹಾನಿ ಎಲ್ಲಿ ಹುಟ್ಟುತ್ತದೆ, ಯಾರ ಮೇಲೆ ಬೀಳುತ್ತದೆ?

ಸಪ್ಲೈ ಚೈನ್ ಬೇರೆ. ಅದು ಸಾಮಾನು ಬರುವ ದಾರಿ, ಮಾರಾಟದ ಹೊತ್ತಿಗೆ ಮುಗಿಯುತ್ತದೆ. ವ್ಯಾಲ್ಯೂ ಚೈನ್ ಅಲ್ಲಿಂದಲೂ ಮುಂದೆ ಹೋಗುತ್ತದೆ. ಕೊಂಡವರ ಕೈಯಲ್ಲಿ ಏನಾಗುತ್ತದೆ, ಕೆಟ್ಟ ಮೇಲೆ ಎಲ್ಲಿಗೆ ಹೋಗುತ್ತದೆ ಅನ್ನುವುದೂ ಅದರೊಳಗೆ ಬರುತ್ತದೆ.

ಒಂದು ಫೋನ್ ತಗೊಳ್ಳಿ. ಬ್ರ್ಯಾಂಡ್ ಒಬ್ಬರದು, ಜೋಡಿಸುವವರು ಇನ್ನೊಬ್ಬರು, ಬ್ಯಾಟರಿ ಮತ್ತೊಬ್ಬರದು. ಬ್ಯಾಟರಿಯ ಕೋಬಾಲ್ಟ್ ಬಹುಪಾಲು ಬರುವುದು ಆಫ್ರಿಕಾದ ಕಾಂಗೋದಿಂದ. ಕಂಪನಿಯವರು ಇದನ್ನು ಟಿಯರ್ ಲೆಕ್ಕದಲ್ಲಿ ಹೇಳುತ್ತಾರೆ. ನೇರವಾಗಿ ಬಿಲ್ ಕಳಿಸುವವರು ಟಿಯರ್ 1, ಅವರಿಗೆ ಬಿಲ್ ಕಳಿಸುವವರು ಟಿಯರ್ 2. ಟಿಯರ್ 1ರ ಫೋನ್ ನಂಬರ್ ಖರೀದಿ ವಿಭಾಗದಲ್ಲಿ ಇರುತ್ತದೆ. ಟಿಯರ್ 3ರ ಹೊತ್ತಿಗೆ ಮಂಜು ಕವಿದಿರುತ್ತದೆ.

ಹಾಗಾದರೆ ಗಣಿಯವರೆಗೆ ಹೇಗೆ ಹೋಗುತ್ತಾರೆ? ಇಲ್ಲೊಂದು ಜಾಣ ಉಪಾಯ ಇದೆ. ಗಣಿಗಳು ಸಾವಿರಾರು. ಬಿಡಿಭಾಗ ಮಾಡುವ ಕಾರ್ಖಾನೆಗಳೂ ಸಾವಿರಾರು. ಆದರೆ ನಡುವೆ ಅದಿರು ಕರಗಿಸಿ ಲೋಹ ಮಾಡುವ ಕುಲುಮೆಗಳಿವೆಯಲ್ಲ, ಸ್ಮೆಲ್ಟರ್‌ಗಳು, ಅವು ಕೆಲವೇ ನೂರು. ಮರಳು ಗಡಿಯಾರದ ಸೊಂಟದ ಹಾಗೆ. ಎಲ್ಲ ಅದಿರೂ ಅಲ್ಲೇ ಹಾಯಬೇಕು. ಕುಲುಮೆಯ ಖರೀದಿ ಪುಸ್ತಕ ನೋಡಿದರೆ ಮೇಲೂ ಕೆಳಗೂ ಸುಳಿವು ಸಿಗುತ್ತದೆ. ಅಮೆರಿಕದ 2010ರ ಡಾಡ್-ಫ್ರಾಂಕ್ ಕಾನೂನು ತವರ, ಟ್ಯಾಂಟಲಮ್, ಟಂಗ್‌ಸ್ಟನ್, ಚಿನ್ನ ಈ ನಾಲ್ಕರ ಬಗ್ಗೆ, ಇವು ಕಾಂಗೋ ಮತ್ತು ಸುತ್ತಲಿನ ದೇಶಗಳಿಂದ ಬಂದವೇ ಅಂತ ವಿಚಾರಿಸಲು ಅಲ್ಲಿನ ಷೇರುಪೇಟೆಯ ಕಂಪನಿಗಳಿಗೆ ಹೇಳುತ್ತದೆ. ಹಾಗಾಗಿ ಆಪಲ್‌ನಂಥ ಕಂಪನಿಗಳು ಕುಲುಮೆಗಳ ಹೆಸರನ್ನೇ ಪಟ್ಟಿ ಮಾಡಿ ಪ್ರಕಟಿಸುತ್ತವೆ. ತಮಾಷೆ ಏನು ಗೊತ್ತಾ? ಆ ನಾಲ್ಕರಲ್ಲಿ ಕೋಬಾಲ್ಟ್ ಇಲ್ಲ. ಕೈಯಲ್ಲಿ ಅಗೆಯುವ ಕೋಬಾಲ್ಟ್ ಗಣಿಗಳಲ್ಲಿ ಮಕ್ಕಳು ದುಡಿಯುವ ಸುದ್ದಿ ಜಗತ್ತಿಗೆಲ್ಲ ಗೊತ್ತಾದ ಮೇಲೆ ಕೆಲವು ಕಂಪನಿಗಳು ಅದನ್ನು ತಾವಾಗಿಯೇ ಸೇರಿಸಿಕೊಂಡವು.

ಗಣಿ ದೂರ, ಮಂಜು ಸಹಜ ಅನ್ನಬಹುದು. ಹತ್ತಿರದ್ದೂ ಕಾಣದೇ ಹೋಗುತ್ತದೆ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ವಿಸ್ಟ್ರಾನ್ ಕಂಪನಿ ಐಫೋನ್ ಜೋಡಿಸುತ್ತಿತ್ತು. 2020ರ ಡಿಸೆಂಬರ್ 12ರ ಬೆಳಿಗ್ಗೆ ಅಲ್ಲಿ ಕಾರ್ಮಿಕರ ಸಿಟ್ಟು ಸ್ಫೋಟವಾಯಿತು. ಗಾಜು ಒಡೆದವು, ವಾಹನಗಳಿಗೆ ಬೆಂಕಿ ಬಿತ್ತು. ಕಾರಣ ಸಂಬಳದ ಗೋಳು. ಕೆಲವರಿಗೆ ಸರಿಯಾಗಿ, ಸಮಯಕ್ಕೆ ಕೊಟ್ಟಿಲ್ಲ ಅಂತ ವಿಸ್ಟ್ರಾನ್ ಆಮೇಲೆ ಒಪ್ಪಿಕೊಂಡಿತು. ಆಪಲ್ ಅದನ್ನು ಪ್ರೊಬೇಷನ್‌ನಲ್ಲಿ ಇಟ್ಟಿತು. 2023ರಲ್ಲಿ ಕಾರ್ಖಾನೆ ಟಾಟಾ ಪಾಲಾಯಿತು. ವ್ಯಾಲ್ಯೂ ಚೈನಿನ ನಕ್ಷೆ ಬರೆದು ನೋಡಿದರೆ ಆಪಲ್, ಅದರ ಪಕ್ಕ ವಿಸ್ಟ್ರಾನ್, ನಡುವೆ ಒಂದು ಬಾಣ. ಟಿಯರ್ 1, ಇದಕ್ಕಿಂತ ಹತ್ತಿರ ಇಲ್ಲ. ಆದರೆ ಅಲ್ಲಿನ ಬಹಳಷ್ಟು ಹುಡುಗರು ವಿಸ್ಟ್ರಾನ್ ನೌಕರರೇ ಆಗಿರಲಿಲ್ಲ. ಲೇಬರ್ ಏಜೆನ್ಸಿಗಳ ಮೂಲಕ ಬಂದವರು. ಆ ಏಜೆನ್ಸಿಗಳು ಕೂರುವುದು ಬಾಣದ ಪಕ್ಕದಲ್ಲಿ. ಸಾಮಾನು ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಮಾತ್ರ ಗೆರೆ ಎಳೆದರೆ, ಸಂಬಳ ಯಾರ ಕೈಯಿಂದ ಬಂತು ಅನ್ನುವ ಗೆರೆ ಬಿಟ್ಟುಹೋಗುತ್ತದೆ.

ಇಲ್ಲಿಗೆ ಎರಡನೇ ಪದ ಬಂತು, ಸ್ಟೇಕ್‌ಹೋಲ್ಡರ್. ಇದಕ್ಕೆ 'ಪಾಲುದಾರ' ಅಂತ ಬರೆಯುವುದು ರೂಢಿ. ತಪ್ಪು ಅಂತಲೇ ನನ್ನ ಅಭಿಪ್ರಾಯ. ಪಾಲುದಾರ ಅಂದರೆ ಪಾಲು ಇರುವವನು, ಲಾಭದಲ್ಲಿ ಭಾಗ ಕೇಳುವವನು. ಅವನು ಷೇರುದಾರನ ಅಣ್ಣತಮ್ಮ. 1984ರಲ್ಲಿ ಮ್ಯಾನೇಜ್‌ಮೆಂಟ್ ವಿದ್ವಾಂಸ ಎಡ್ವರ್ಡ್ ಫ್ರೀಮನ್ ಕೊಟ್ಟ ಅರ್ಥ ಇದಲ್ಲ. ಕಂಪನಿಯ ಮೇಲೆ ಪರಿಣಾಮ ಮಾಡಬಲ್ಲವರು ಅಥವಾ ಕಂಪನಿಯಿಂದ ಪರಿಣಾಮಕ್ಕೆ ಒಳಗಾಗುವವರು, ಇಬ್ಬರೂ ಸ್ಟೇಕ್‌ಹೋಲ್ಡರ್‌ಗಳೇ. ನಮ್ಮ ಸರ್ಕಾರಿ ಕಚೇರಿಗಳ ಗೋಡೆಯ ಮೇಲೆ ಇದಕ್ಕೆ ಒಳ್ಳೆ ಪದ ಯಾವಾಗಿಂದಲೋ ಇದೆ: 'ಸಂಬಂಧಪಟ್ಟವರು'.

ಕೆಜಿಎಫ್ ನೋಡಿ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಷೇರು ಇಲ್ಲ, ಗಿರಾಕಿ ಇಲ್ಲ, ಸಂಬಳದ ಪಟ್ಟಿ ಇಲ್ಲ. ಊರಿನ ನಡುವೆ ಸೈನೈಡ್ ದಿಬ್ಬಗಳು ಮಾತ್ರ ಇವೆ, ಗಾಳಿಗೆ ಧೂಳು ಏಳುತ್ತದೆ. ಆ ದಿಬ್ಬದ ಪಕ್ಕ ಬಟ್ಟೆ ಒಣಹಾಕುವವರು ಆ ಚಿನ್ನಕ್ಕೆ ಇವತ್ತಿಗೂ ಸಂಬಂಧಪಟ್ಟವರೇ. ಆದರೆ ಯಾರ ಪಾಲುದಾರರೂ ಅಲ್ಲ.

ಕಂಪನಿಗಳ ಒಳಗೆ ಈ ಸಂಬಂಧಪಟ್ಟವರ ಪಟ್ಟಿ ಹೇಗೆ ತಯಾರಾಗುತ್ತದೆ? ಸಾಮಾನ್ಯವಾಗಿ ಒಂದು ಮೀಟಿಂಗ್, ಒಂದು ಬಿಳಿ ಬೋರ್ಡು, ನಾಲ್ಕು ಚೌಕ. ಮೇಲಕ್ಕೆ ಹೋದಂತೆ ಅಧಿಕಾರ ಜಾಸ್ತಿ, ಬಲಕ್ಕೆ ಹೋದಂತೆ ಆಸಕ್ತಿ ಜಾಸ್ತಿ. ಹೂಡಿಕೆದಾರರು, ದೊಡ್ಡ ಗಿರಾಕಿಗಳು, ಸರ್ಕಾರ ಮೇಲಿನ ಬಲಚೌಕಕ್ಕೆ ಹೋಗುತ್ತಾರೆ. ರಾತ್ರಿ ಪಾಳಿಯ ಕ್ಯಾಬ್ ಡ್ರೈವರ್, ಹೌಸ್‌ಕೀಪಿಂಗ್ ಹೆಂಗಸರು ಕೆಳಗಿನ ಎಡಚೌಕಕ್ಕೆ. ಅಲ್ಲಿ 'ಆಗಾಗ ಗಮನಿಸಿ' ಅಂತ ಬರೆದಿರುತ್ತದೆ, ಅಷ್ಟೇ. ಯೋಜನೆಗೆ ಯಾರು ಅಡ್ಡ ಬರಬಹುದು ಅಂತ ತಿಳಿಯಲು ಈ ಚೌಕ ಚೆನ್ನ. ಹಾನಿ ಯಾರಿಗೆ ಅಂತ ತಿಳಿಯಲು ಹೊರಟರೆ ಬೋರ್ಡನ್ನು ತಲೆಕೆಳಗು ಮಾಡಬೇಕು. ಕಂಪನಿಗಳು ಮತ್ತು ಮಾನವ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಯ 2011ರ ಮಾರ್ಗಸೂತ್ರಗಳು ಹೇಳುವುದು ಹೆಚ್ಚುಕಮ್ಮಿ ಅದನ್ನೇ: ಪೆಟ್ಟು ಎಷ್ಟು ದೊಡ್ಡದು, ಎಷ್ಟು ಜನಕ್ಕೆ, ಸರಿಪಡಿಸಲು ಆಗುತ್ತದಾ, ಮೊದಲು ಇದನ್ನು ನೋಡಿ.

ಭಾರತದಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ 2021ರಲ್ಲಿ ಬಿಆರ್‌ಎಸ್‌ಆರ್ ಎಂಬ ವರದಿಯ ನಮೂನೆ ತಂದಿತು, ಪರಿಸರ ಮತ್ತು ಸಮಾಜದ ಕಡೆಗೆ ಕಂಪನಿಯ ಹೊಣೆಯ ವರದಿ. 2022-23ರಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಲಿಸ್ಟೆಡ್ ಕಂಪನಿಗಳಿಗೆ ಅದು ಕಡ್ಡಾಯ. ಅದರಲ್ಲಿ ಸ್ಟೇಕ್‌ಹೋಲ್ಡರ್‌ಗಳದೇ ಒಂದು ಪಟ್ಟಿ, ಅದರೊಳಗೊಂದು ಪುಟ್ಟ ಕಾಲಮ್: ಈ ಗುಂಪು ದುರ್ಬಲ ಅಥವಾ ಅಂಚಿನಲ್ಲಿರುವವರದ್ದೇ, ಹೌದು ಅಥವಾ ಇಲ್ಲ. ನಿಮಗೆ ಗೊತ್ತಿರುವ ಯಾವುದಾದರೂ ಕಂಪನಿಯ ವರದಿ ತೆರೆದು ಆ ಒಂದು ಕಾಲಮ್ ಮಾತ್ರ ನೋಡಿ. ಸುತ್ತಲಿನ ಹಳ್ಳಿಯವರ ಮುಂದೆ 'ಹೌದು', ಮಿಕ್ಕವರ ಮುಂದೆ 'ಇಲ್ಲ', ಇದು ಸಾಮಾನ್ಯ ದೃಶ್ಯ. ಗುತ್ತಿಗೆ ಕಾರ್ಮಿಕರು 'ನೌಕರರು' ಅನ್ನುವ ಸಾಲಿನೊಳಗೆ ಕರಗಿಹೋಗಿರುತ್ತಾರೆ.

ವ್ಯಾಲ್ಯೂ ಚೈನ್‌ನ ವಿವರವನ್ನೂ ಕೊಡಿ ಅಂತ ಮೊದಲ 250 ಕಂಪನಿಗಳಿಗೆ ಸೆಬಿ ಹೇಳಿತು. ಆಮೇಲೆ ಅದನ್ನು ಸಡಿಲ ಮಾಡಿ ಐಚ್ಛಿಕ ಮಾಡಿತು. ಖರೀದಿಯಲ್ಲೋ ಮಾರಾಟದಲ್ಲೋ ಒಬ್ಬೊಬ್ಬರೇ 2% ಅಥವಾ ಅದಕ್ಕಿಂತ ಜಾಸ್ತಿ ಇರುವವರನ್ನು ಲೆಕ್ಕಕ್ಕೆ ತಗೊಂಡರೆ ಸಾಕು. ಕಂಪನಿಗಳ ಕಷ್ಟವೂ ನನಗೆ ಅರ್ಥವಾಗುತ್ತದೆ. ಸಾವಿರಾರು ಪೂರೈಕೆದಾರರ ಹಿಂದೆ ಎಕ್ಸೆಲ್ ಹಿಡಿದು ಓಡಲು ಆಗುವುದಿಲ್ಲ. ಆದರೆ 2% ಅಳೆಯುವುದು ದುಡ್ಡನ್ನು, ಹಾನಿಯನ್ನಲ್ಲ. ಕೆಟ್ಟ ಲ್ಯಾಪ್‌ಟಾಪನ್ನು ಗುಜರಿಗೆ ಕೊಂಡವನದು ಖರೀದಿಯೇ ಅಲ್ಲ ಎನ್ನುವಷ್ಟು ಚಿಲ್ಲರೆ. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ಕಸ ಹುಟ್ಟಿತು. ಸರಿಯಾಗಿ ಸಂಗ್ರಹಿಸಿ ಮರುಬಳಕೆಗೆ ಹೋಗಿದ್ದು ದಾಖಲೆಯ ಪ್ರಕಾರ ಕಾಲುಭಾಗಕ್ಕಿಂತ ಕಮ್ಮಿ. ಮಿಕ್ಕಿದ್ದರಲ್ಲಿ ಒಂದಷ್ಟು ದೆಹಲಿಯ ಸೀಲಂಪುರದಂಥ ಗಲ್ಲಿಗಳಿಗೆ ಬರುತ್ತದೆ. ಅಲ್ಲಿ ತಾಮ್ರಕ್ಕಾಗಿ ವೈರು ಸುಡುತ್ತಾರೆ, ಚಿನ್ನಕ್ಕಾಗಿ ಬೋರ್ಡನ್ನು ಆಸಿಡ್‌ನಲ್ಲಿ ಅದ್ದುತ್ತಾರೆ.

ನಮ್ಮ ಊಟದವರೂ 2% ಮುಟ್ಟುವುದಿಲ್ಲ. ಅವರಿಗೆ ಎಕ್ಸೆಲ್ ಬಂದದ್ದು ಕಂಪನಿಯಲ್ಲಿ ಯಾರೋ ಉತ್ಸಾಹಿ ಇದ್ದುದರಿಂದ ಇರಬೇಕು. ಅವತ್ತು ಸಂಜೆಯವರೆಗೂ ಕೂತು ತುಂಬಿದೆವು. ತಿಂಗಳಿಗೆ ಎಷ್ಟು ಸಿಲಿಂಡರ್, ಎಷ್ಟು ಯೂನಿಟ್ ಕರೆಂಟು, ಟೆಂಪೋಗೆ ಎಷ್ಟು ಡೀಸೆಲ್. ತರಕಾರಿ ಕೆ.ಆರ್. ಮಾರ್ಕೆಟ್‌ನಿಂದ, ಪಾತ್ರೆ ತೊಳೆಯಲು ನಾಲ್ಕು ಜನ, ಅದರಲ್ಲಿ ಮೂವರು ಹೆಂಗಸರು. ಕೊನೆಗೆ ಅವರು ಕೇಳಿದರು, 'ಮಿಕ್ಕಿದ ಅನ್ನ ಹಂದಿ ಸಾಕೋರು ಬಂದು ತಗೊಂಡು ಹೋಗ್ತಾರಲ್ಲ, ಅವರನ್ನೂ ಬರೀಬೇಕಾ?'

ಆ ಎಕ್ಸೆಲ್‌ನಲ್ಲಿ ಅದಕ್ಕೆ ಸಾಲು ಇರಲಿಲ್ಲ. 'ಇತರೆ' ಅನ್ನುವ ಕಡೆ ಬರೆದೆವು.